ನರಪೋಷಕ ಕಾರಕಗಳು ಮತ್ತು ಪ್ರೋಟೀನ್ ತಯಾರಿಕೆ

ಬೆಳೆಯುತ್ತಿರುವ ನರಕೋಶ ಯಾವ ಪ್ರೋಟೀನನ್ನು ಎಲ್ಲಿ, ಯಾವಾಗ ತಯಾರಿಸಬೇಕು ಎಂಬುದರ ಮೇಲೆ ಹೊರಗಿನಿಂದ ಬರುವ ಬೆಳವಣಿಗೆ ಕಾರಕಗಳ ಪ್ರಭಾವ ದೊಡ್ಡದು. ಇವುಗಳಲ್ಲಿ ಮೊದಲು ಪತ್ತೆಯಾದದ್ದು ನರ ಬೆಳವಣಿಗೆ ಕಾರಕ, ಅಂದರೆ ಎನ್‌ಜಿಎಫ್. ಬೆಳವಣಿಗೆ ಕಾರಕಗಳ ಶೋಧಕ್ಕಾಗಿ ರೀಟಾ ಲೆವಿ-ಮೊಂತಾಲ್ಚಿನಿ ಮತ್ತು ಸ್ಟಾನ್ಲಿ ಕೊಹೆನ್ 1986ರಲ್ಲಿ ನೊಬೆಲ್ ಪಡೆದರು.

ಮಿದುಳಿನ ಮಟ್ಟಿಗೆ ಹೆಚ್ಚು ಮುಖ್ಯವಾದದ್ದು 1982ರಲ್ಲಿ ಹಂದಿಯ ಮಿದುಳಿನಿಂದ ಬೇರ್ಪಡಿಸಲಾದ, ಇದೇ ಬಗೆಯ ನರಪೋಷಕ ಕಾರಕವಾದ ಬಿಡಿಎನ್‌ಎಫ್. ಅದು ಕೋಶಪೊರೆಯ ಟ್ರಕ್‌-ಬಿ ಗ್ರಾಹಕಕ್ಕೆ ಅಂಟಿಕೊಂಡಾಗ ಒಳಗೆ ಎಂಟಾರ್ ಎಂಬ ಕಿಣ್ವ ಚುರುಕಾಗುತ್ತದೆ. ಎಂಟಾರ್, 4ಇ-ಬಿಪಿ ಎಂಬ ತಡೆ ಪ್ರೋಟೀನಿಗೆ ಫಾಸ್ಫೇಟ್ ಸೇರಿಸುತ್ತದೆ. ಆಗ ಅದರ ಹಿಡಿತದಲ್ಲಿದ್ದ, ಪ್ರೋಟೀನ್ ತಯಾರಿಕೆ ಆರಂಭಿಸುವ ಅಂಶವಾದ ಇಐಎಫ್-4ಇ ಬಿಡುಗಡೆಯಾಗಿ, ರೈಬೋಸೋಮುಗಳು ಸಂದೇಶವಾಹಕ ಆರ್‌ಎನ್‌ಎಯನ್ನು ಓದತೊಡಗುತ್ತವೆ.

ನಿಜಕ್ಕೂ ವಿಸ್ಮಯದ ಸಂಗತಿಯೆಂದರೆ, ಈ ಕೆಲಸ ಕೋಶಕಾಯದಲ್ಲಷ್ಟೇ ನಡೆಯುವುದಿಲ್ಲ. ಕೆಲವು ಆರ್‌ಎನ್‌ಎಗಳು ನರಕೋಶದ ಉದ್ದನೆಯ ಎಳೆಯಾದ ಆಕ್ಸಾನಿನ ತುದಿಯವರೆಗೆ, ಸಂಕೇತ ಪಡೆಯುವ ಡೆಂಡ್ರೈಟಿನ ಕವಲುಗಳವರೆಗೆ ಸಾಗಿಹೋಗುತ್ತವೆ. ಆಕ್ಟಿನ್‌ನಂಥ ಪ್ರೋಟೀನು ಬೇಕಾದ ಜಾಗದಲ್ಲೇ ಸಿದ್ಧವಾಗುತ್ತದೆ. ಹೀಗಾಗಿ ಒಂದು ಕವಲು ಬೆಳೆಯುವಾಗ ಪಕ್ಕದ್ದು ಸುಮ್ಮನಿರಬಲ್ಲದು.

ಈ ತಯಾರಿಕೆಗೆ ಲಗಾಮು ಹಾಕುವ ಎಫ್‌ಎಂಆರ್‌ಪಿ ಎಂಬ ಪ್ರೋಟೀನ್ ಇಲ್ಲವಾದರೆ ಫ್ರಜೈಲ್ ಎಕ್ಸ್ ಎಂಬ ಆನುವಂಶಿಕ ತೊಂದರೆ ಉಂಟಾಗಿ ಮಗುವಿನ ಕಲಿಕೆ ಕುಂಠಿತವಾಗುತ್ತದೆ. ಬೆಂಗಳೂರಿನಲ್ಲಿ ರವಿ ಮುದ್ದಶೆಟ್ಟಿ ಅವರ ತಂಡ ಮೊದಲು ಸಂಶೋಧನಾ ಸಂಸ್ಥೆಯಾದ ಇನ್‌ಸ್ಟೆಮ್‌ನಲ್ಲಿ, ಬಳಿಕ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದಲ್ಲಿ ನರಕೋಶಗಳ ಪ್ರೋಟೀನ್ ತಯಾರಿಕೆಯ ಬಗ್ಗೆ ಸಂಶೋಧನೆ ನಡೆಸಿದೆ.