ಹುಳುವಿಲ್ಲದ ಹುಳುಕಡ್ಡಿ

ಕನ್ನಡದಲ್ಲಿ ಹುಳುಕಡ್ಡಿ, ಗಜಕರ್ಣ, ಉರ್ದು ಮನೆಮಾತಿನವರಿಗೆ ದಾದ್, ಇಂಗ್ಲಿಷಿನವರಿಗೆ ರಿಂಗ್‌ವರ್ಮ್. ಚರ್ಮದ ಮೇಲೆ ಉಂಗುರದಂತೆ ಹಬ್ಬುವ ಕೆಂಪು ಅಂಚನ್ನು ಕಂಡು, ಒಳಗೆ ಹುಳು ಸುತ್ತಿಕೊಂಡಿದೆ ಎಂದು ಹಿಂದಿನವರು ಭಾವಿಸಿದ್ದರು. ಅಲ್ಲಿ ಹುಳುವೇ ಇಲ್ಲ. ಹೆಸರು ನಂಬಿ ಮೋಸಹೋಗುವುದು ಈ ಕಾಯಿಲೆಯ ಚರಿತ್ರೆಯಲ್ಲಿ ಅದೇ ಮೊದಲು, ಕೊನೆಯಲ್ಲ.

1840ರ ದಶಕದಲ್ಲಿ ಪ್ಯಾರಿಸಿನಲ್ಲಿದ್ದ ಹಂಗೇರಿ ಮೂಲದ ವೈದ್ಯ ಡೇವಿಡ್ ಗ್ರೂಬಿ, ರೋಗಿಗಳ ತಲೆಯ ಹಕ್ಕಳೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ. ಕಂಡದ್ದು ಶಿಲೀಂಧ್ರ. ಹಳಸಿದ ರೊಟ್ಟಿಯ ಮೇಲೆ ಬೆಳೆಯುವ ಬೂಷ್ಟಿನ ದೂರದ ನೆಂಟ.

ಕಾರಣ ತಿಳಿದರೂ ಮದ್ದು ಸುಲಭವಾಗಿ ಸಿಗಲಿಲ್ಲ. ಆಗ ಮುಂಬೈಯಲ್ಲಿ ದಾದ್‌ಗೆ ಹಚ್ಚಲು 'ಗೋವಾ ಪೌಡರ್' ಎಂಬ ಹಳದಿ ಪುಡಿ ಮಾರಾಟವಾಗುತ್ತಿತ್ತು. ಅದು ಗೋವಾದ್ದಲ್ಲ. ಬ್ರೆಜಿಲ್‌ನ ಬಹಿಯಾ ಕಾಡಿನ ಅರಾರೋಬಾ ಮರದ ಕಾಂಡದೊಳಗಿನ ಪುಡಿ. ಪೋರ್ಚುಗೀಸರ ಜೊತೆ ಗೋವಾಕ್ಕೆ ಬಂದಿತ್ತು. 1870ರ ದಶಕದಲ್ಲಿ ಬಹಿಯಾದ ವೈದ್ಯ ಸಿಲ್ವಾ ಲಿಮಾ ಈ ಗುಟ್ಟನ್ನು ಬಿಡಿಸಿದ. ಪುಡಿ ಗುಣ ಮಾಡುತ್ತಿತ್ತು, ಆದರೆ ಚರ್ಮ ಉರಿಸುತ್ತಿತ್ತು, ಬಟ್ಟೆಗೆ ಕಲೆ ಹಚ್ಚುತ್ತಿತ್ತು.

1907ರಲ್ಲಿ ಲಂಡನ್ನಿನ ಆರ್ಥರ್ ವಿಟ್‌ಫೀಲ್ಡ್ ಬೆಂಜೋಯಿಕ್ ಮತ್ತು ಸ್ಯಾಲಿಸಿಲಿಕ್ ಆಮ್ಲಗಳ ಮುಲಾಮನ್ನು ರೂಪಿಸಿದ. ಸತ್ತ ಚರ್ಮವನ್ನು ಕಳಚಿ ಬೂಷ್ಟಿಗೆ ನೆಲೆ ತಪ್ಪಿಸುವ ಈ ಅಗ್ಗದ ಮದ್ದು ಬಡವರ ಬಂಧುವಾಯಿತು. 1960ರ ದಶಕದ ಕೊನೆಗೆ ಕ್ಲೋಟ್ರಿಮಜೋಲ್, ಮೈಕೋನಜೋಲ್ ಬಂದವು. ಶಿಲೀಂಧ್ರದ ಜೀವಕೋಶದ ಪೊರೆಗೆ ಬೇಕಾದ ಎರ್ಗೋಸ್ಟೆರಾಲ್ ತಯಾರಾಗದಂತೆ ಇವು ತಡೆಯುತ್ತವೆ. ಉರಿಯಿಲ್ಲ, ಕಲೆಯಿಲ್ಲ. ಬೇಕಾದದ್ದು ತಾಳ್ಮೆ: ವಾರಗಟ್ಟಲೆ, ಕಲೆಯ ಅಂಚಿನಾಚೆಗೂ, ತುರಿಕೆ ನಿಂತ ಮೇಲೂ ಹಚ್ಚಬೇಕು. ತಲೆ, ಉಗುರಿಗೆ ಹತ್ತಿದ್ದರೆ ಮುಲಾಮು ಸಾಲದು, ಮಾತ್ರೆಯೇ ಬೇಕು.

ಆ ತಾಳ್ಮೆಯನ್ನು ಕಸಿದದ್ದು ಸ್ಟೀರಾಯ್ಡ್ ಬೆರೆತ ಕ್ರೀಮುಗಳು. ತೊಡೆಸಂದಿಯ ತುರಿಕೆಯನ್ನು ಡಾಕ್ಟರಿಗೆ ತೋರಿಸಲು ನಾಚುವವರು, ಒಂದು ದಿನದ ಕೂಲಿ ಬಿಡಲಾಗದವರು ಔಷಧಿ ಅಂಗಡಿಯಲ್ಲಿ ಪಿಸುಗುಟ್ಟಿ ಟ್ಯೂಬ್ ಕೊಳ್ಳುತ್ತಾರೆ. ಎರಡೇ ದಿನದಲ್ಲಿ ಕೆಂಪು ಇಳಿಯುತ್ತದೆ. ಸ್ಟೀರಾಯ್ಡ್ ಅಡಗಿಸುವುದು ದೇಹದ ಪ್ರತಿರೋಧವನ್ನು, ಬೂಷ್ಟನ್ನಲ್ಲ. ಹಚ್ಚುವುದು ನಿಂತೊಡನೆ ರೋಗ ಇನ್ನೂ ಅಗಲವಾಗಿ ಮರಳುತ್ತದೆ, ಒಂದೇ ಟವೆಲ್ ಬಳಸುವ ಮನೆಮಂದಿಗೂ ಹತ್ತುತ್ತದೆ. 2018ರಲ್ಲಿ ಭಾರತ ಸರ್ಕಾರ 14 ಸ್ಟೀರಾಯ್ಡ್ ಲೇಪನಗಳಿಗೆ ವೈದ್ಯರ ಚೀಟಿಯನ್ನು ಕಡ್ಡಾಯ ಮಾಡಿತು. ಆದರೆ ನಾಚಿಕೆಗೆ, ಬಡತನಕ್ಕೆ ಚೀಟಿ ಬರೆಯುವವರು ಯಾರು?

2020ರಲ್ಲಿ ಒಂದು ಹೊಸ ಹೆಸರು ಹುಟ್ಟಿತು. ಜಪಾನಿನಲ್ಲಿ ಒಬ್ಬ ಭಾರತೀಯ ಮತ್ತು ಒಬ್ಬ ನೇಪಾಳಿ ರೋಗಿಯಲ್ಲಿ ಕಂಡ ಶಿಲೀಂಧ್ರಕ್ಕೆ ವಿಜ್ಞಾನಿಗಳು ಟ್ರೈಕೋಫೈಟನ್ ಇಂಡೋಟಿನಿಯೇ ಎಂದು ಹೆಸರಿಟ್ಟರು. ಟರ್ಬಿನಾಫಿನ್‌ನಂಥ ಮುಖ್ಯ ಔಷಧಕ್ಕೂ ಅದು ಹಲವೊಮ್ಮೆ ಬಗ್ಗುವುದಿಲ್ಲ. ಹೆಸರಿನಲ್ಲಿ ನಮ್ಮ ದೇಶವಿದೆ. ಆದರೆ ಬೂಷ್ಟಿಗೆ ದೇಶವಿಲ್ಲ, ಜಾತಿಯಿಲ್ಲ, ಮಜಹಬ್ಬಿಲ್ಲ. ಬೆವರು, ಬಿಗಿ ಬಟ್ಟೆ, ಅರ್ಧಕ್ಕೆ ಬಿಟ್ಟ ಚಿಕಿತ್ಸೆ ಇದ್ದಲ್ಲೆಲ್ಲ ಅದು ಬೆಳೆಯುತ್ತದೆ. ಒಂದು ಜನರನ್ನು 'ಕೊಳಕರು' ಎಂದು ಕರೆಯಲು ಅದು ನೆಪವಾಗಬಾರದು.

ಆದ್ದರಿಂದ ಟ್ಯೂಬಿನ ದಪ್ಪಕ್ಷರದ ಹೆಸರನ್ನು ಬಿಟ್ಟು, ಕೆಳಗಿನ ಸಣ್ಣಕ್ಷರ ಓದೋಣ. ಕ್ಲೋಬೆಟಾಸಾಲ್, ಬೆಟಾಮೆಥಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಅದನ್ನು ಅಂಗಡಿಗೇ ಮರಳಿಸಿ ಡಾಕ್ಟರ ಬಳಿ ಹೋಗೋಣ. ಸಂಕೋಚ ಬೇಡ. ನಾವು ತೋರಿಸಲಿರುವುದು ಪಾಪವನ್ನಲ್ಲ, ಬೂಷ್ಟನ್ನು.