ಶಾಲಾ ಪತ್ರಿಕೆ

ಶಾಲೆಯ ಮಕ್ಕಳೇ ಸುದ್ದಿ ಹೆಕ್ಕಿ, ಬರೆದು, ತಿದ್ದಿ, ಪುಟ ಕಟ್ಟಿ ಓದುಗರಿಗೆ ಮುಟ್ಟಿಸುವ ಪತ್ರಿಕೆ. ಗಣ್ಯರ ಸಂದೇಶ, ಗುಂಪು ಫೋಟೊಗಳನ್ನು ಹೊತ್ತು ವರ್ಷಕ್ಕೊಮ್ಮೆ ಬರುವ ವಾರ್ಷಿಕ ಸಂಚಿಕೆ ಬೇರೆ, ಇದು ಬೇರೆ. ಕೈಬರಹದ್ದಾಗಲಿ, ಗೋಡೆಗೆ ಅಂಟಿಸಿದ್ದಾಗಲಿ, ಅಚ್ಚಾದದ್ದಾಗಲಿ, ಯಾವುದನ್ನು ಹಾಕಬೇಕೆಂದು ಮಕ್ಕಳೇ ತೀರ್ಮಾನಿಸುವುದು ಅದರ ಮುಖ್ಯ ಲಕ್ಷಣ.

ಇದನ್ನೇ ಕಲಿಕೆಯ ದಾರಿಯಾಗಿ ಮಾಡಿಕೊಂಡವರು ಫ್ರಾನ್ಸಿನ ಸೆಲೆಸ್ತಾಂ ಫ್ರೆನೆ (1896–1966). ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯವಾಗಿದ್ದರಿಂದ ಅವರಿಗೆ ಹೆಚ್ಚು ಹೊತ್ತು ಮಾತನಾಡಲು ಆಗುತ್ತಿರಲಿಲ್ಲ. 1920ರಲ್ಲಿ ಬಾರ್-ಸ್ಯುರ್-ಲೂ ಎಂಬ ಬೆಟ್ಟದೂರಿನ ಶಾಲೆಗೆ ಮೇಷ್ಟರಾಗಿ ಬಂದ ಫ್ರೆನೆ, ಮಕ್ಕಳನ್ನು ಹೊಲಗದ್ದೆಗಳಿಗೂ ಕುಶಲಕರ್ಮಿಗಳು ಕೆಲಸ ಮಾಡುವಲ್ಲಿಗೂ ಕರೆದೊಯ್ದು, ಕಂಡದ್ದನ್ನು ಬರೆಸುತ್ತಿದ್ದರು. 1924ರಲ್ಲಿ ಚಿಕ್ಕದೊಂದು ಅಚ್ಚಿನ ಯಂತ್ರವನ್ನೇ ತರಗತಿಗೆ ತಂದರು.

ಕೆಲಸ ನಡೆಯುತ್ತಿದ್ದುದು ಹೀಗೆ. ಮಕ್ಕಳು ತಾವು ಬರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದರು. ಯಾವುದು ಅಚ್ಚಾಗಬೇಕೆಂದು ಮತ ಹಾಕುತ್ತಿದ್ದರು. ಗೆದ್ದ ಬರಹವನ್ನು ಕರಿಹಲಗೆಯ ಮೇಲೆ ಎಲ್ಲರೂ ಕೂಡಿ ತಿದ್ದುತ್ತಿದ್ದರು. ಆಮೇಲೆ ಮೊಳೆ ಜೋಡಣೆ: ಸೀಸದ ಅಕ್ಷರಗಳನ್ನು ಒಂದೊಂದಾಗಿ, ತಿರುವುಮುರುವಾಗಿ ಓದಿಕೊಳ್ಳುತ್ತ ಸಾಲಿಗೆ ಕೂರಿಸಬೇಕು. ಒಂದು ಅಕ್ಷರ ಬಿಟ್ಟುಹೋದರೂ ಸಾಲು ಬಿಚ್ಚಿ ಮತ್ತೆ ಕಟ್ಟಬೇಕು. ಕಾಗುಣಿತಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಹತ್ತು ಸಲ ಬರೆಯುವ ಶಿಕ್ಷೆಯಲ್ಲಿ ಇಲ್ಲದ ಕಾರಣವೊಂದು ಇಲ್ಲಿ ಮಗುವಿನ ಕಣ್ಣೆದುರೇ ಇರುತ್ತದೆ.

ಓದುಗರನ್ನೂ ಫ್ರೆನೆ ಹುಡುಕಿದರು. ಅಚ್ಚಾದ ಹಾಳೆಗಳು ಬ್ರಿಟನಿಯ ಕರಾವಳಿಯಲ್ಲಿ ರೆನೆ ದಾನಿಯೆಲ್ ನಡೆಸುತ್ತಿದ್ದ ಶಾಲೆಗೆ ಅಂಚೆಯಲ್ಲಿ ಹೋಗುತ್ತಿದ್ದವು. ಅಲ್ಲಿಂದ ಕಡಲ ಮಕ್ಕಳ ಬರಹ ಬರುತ್ತಿತ್ತು. ಬೆಟ್ಟದ ಮಕ್ಕಳಿಗೆ ತಮ್ಮ ದಿನನಿತ್ಯದ ಬದುಕೂ ಇನ್ನೊಬ್ಬರಿಗೆ ಸುದ್ದಿ ಎಂದು ತಿಳಿದದ್ದು ಹಾಗೆ.

ಪೆಟ್ಟೂ ಬಿತ್ತು. ಮುಂದೆ ಸೇಂಟ್-ಪಾಲ್‌ನ ಶಾಲೆಯಲ್ಲಿದ್ದಾಗ, ಮೇಯರ್ ಮೇಲೆ ಎರಗಿದಂತೆ ಕಂಡ ಕನಸನ್ನು ಹುಡುಗನೊಬ್ಬ ಬರೆದ. ಅದು ಅಚ್ಚಾಗಿದ್ದನ್ನು ಹಿಡಿದು ಬಲಪಂಥೀಯರು 1932ರ ಕೊನೆಗೆ ದೊಡ್ಡ ಗದ್ದಲ ಎಬ್ಬಿಸಿದರು. ಫ್ರೆನೆ ಆ ಶಾಲೆ ಬಿಡಬೇಕಾಯಿತು. ಆಮೇಲೆ ಹತ್ತಿರದ ವಾನ್ಸ್‌ನಲ್ಲಿ ಸ್ವಂತ ಶಾಲೆ ತೆರೆದರು.

ಪೋಲೆಂಡಿನ ವಾರ್ಸಾದಲ್ಲಿ ಯಾನುಷ್ ಕೊರ್ಚಾಕ್ 1926ರಲ್ಲಿ ಆರಂಭಿಸಿದ ‘ಮಾವಿ ಪ್ಶೆಗ್ಲೊಂಡ್’ ಶಾಲೆಯ ಗೋಡೆಯನ್ನೂ ದಾಟಿತು: ದಿನಪತ್ರಿಕೆಯೊಂದರ ಈ ಸಾಪ್ತಾಹಿಕ ಪುರವಣಿಗೆ ಮಕ್ಕಳೇ ಬರಹಗಾರರು. 1939ರ ಯುದ್ಧದವರೆಗೂ ಅದು ನಡೆಯಿತು.

ಕೊನೆಯ ಮಾತು ಯಾರದು ಎಂಬ ಪ್ರಶ್ನೆ ಅಮೆರಿಕದಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 1983ರಲ್ಲಿ ಮಿಸ್ಸೂರಿಯ ಹೇಜಲ್‌ವುಡ್ ಈಸ್ಟ್ ಪ್ರೌಢಶಾಲೆಯ ‘ಸ್ಪೆಕ್ಟ್ರಂ’ ಪತ್ರಿಕೆಯಿಂದ ಹದಿಹರೆಯದ ಬಸಿರು, ಪೋಷಕರ ವಿಚ್ಛೇದನ ಕುರಿತ ಲೇಖನಗಳಿದ್ದ ಎರಡು ಪುಟಗಳನ್ನು ಮುಖ್ಯೋಪಾಧ್ಯಾಯರು ಕಿತ್ತರು. 1988ರಲ್ಲಿ 5–3ರ ಬಹುಮತದ ತೀರ್ಪು ಶಾಲೆಯ ಪರವಾಯಿತು. ಅನಂತರ ಹಲವು ರಾಜ್ಯಗಳು ವಿದ್ಯಾರ್ಥಿ ಪತ್ರಕರ್ತರ ರಕ್ಷಣೆಗೆ ಪ್ರತ್ಯೇಕ ಕಾನೂನು ತಂದವು.

ಕರ್ನಾಟಕದ ಶಾಲೆಗಳಲ್ಲಿ ಗೋಡೆ ಪತ್ರಿಕೆ, ಕೈಬರಹ ಪತ್ರಿಕೆಗಳ ರೂಢಿ ಹಳೆಯದು. ಆದರೆ ಬಹಳ ಕಡೆ ಸುಭಾಷಿತ, ನಾಯಕರ ಜಯಂತಿ, ದಿನಪತ್ರಿಕೆಯಿಂದ ಎತ್ತಿಕೊಂಡ ಚಿತ್ರಗಳಿಗೇ ಹಾಳೆ ತುಂಬಿಹೋಗುತ್ತದೆ. ಬರವಣಿಗೆ ದುಂಡಗಿರುವ ಒಬ್ಬಿಬ್ಬರು ನಕಲು ಮಾಡುತ್ತಾರೆ, ಉಳಿದವರು ನೋಡುತ್ತಾರೆ. ಇದು ಪತ್ರಿಕೆಯಲ್ಲ. ಶಿಕ್ಷಕರ ನೆರವು ಬೇಕಾದದ್ದು ಪ್ರಶ್ನೆ ಕೇಳುವುದನ್ನು ಕಲಿಸಲು. ಬೋರ್‌ವೆಲ್ ಕೆಟ್ಟಿದ್ದು ಯಾವತ್ತು? ಯಾರನ್ನು ಕೇಳಿ ತಿಳಿದುಕೊಂಡೆ? ಎದುರಿನವರು ಏನೆನ್ನುತ್ತಾರೆ? ಹೆಸರು, ದಿನಾಂಕ ಸರಿಯಿದೆಯೆ? ತಪ್ಪು ಮಾಹಿತಿ, ಸಹಪಾಠಿಯ ಮನಸ್ಸು ನೋಯಿಸುವ ಮಾತು ಇದ್ದರೆ ತಡೆಯಬೇಕು. ಮಗುವಿನ ವಾಕ್ಯವನ್ನು ಮಾತ್ರ ದೊಡ್ಡವರ ಭಾಷೆಗೆ ತಿರುಗಿಸಬಾರದು.

ಮೊದಲ ಸಂಚಿಕೆಗೆ ಒಂದು ಡ್ರಾಯಿಂಗ್ ಹಾಳೆ, ಸ್ಕೆಚ್ ಪೆನ್ನು ಸಾಕು. ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಇಟ್ಟರೆ ಊರಿನವರೂ ಓದುತ್ತಾರೆ. ಅದರಲ್ಲಿ ಬರೆದ ನೀರು, ಶೌಚಾಲಯ, ರಸ್ತೆಯ ದೂರನ್ನು ಮಕ್ಕಳು ಪಂಚಾಯಿತಿಯ ಮುಂದೆ ಇಡಲು ಮಕ್ಕಳ ಗ್ರಾಮಸಭೆಯೂ ಇದೆ.