ವಿಕಲಚೇತನರಿಗೆ ಸರ್ಕಾರಿ ನೆರವು: ಕರ್ನಾಟಕದಲ್ಲಿ

ಮಾಸಾಶನ, ಸಾಧನ ಸಲಕರಣೆ, ಆರೋಗ್ಯ ವಿಮೆ, ಬಸ್ ಪಾಸ್, ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿ, ತೆರಿಗೆ ವಿನಾಯಿತಿ ಇವೆಲ್ಲವೂ ಅಂಗವಿಕಲತೆಯುಳ್ಳವರಿಗೆ ಸರ್ಕಾರದಿಂದ ದೊರೆಯುವ ನೆರವಿನ ಭಾಗಗಳು. 2011ರ ಜನಗಣತಿಯಂತೆ ದೇಶದಲ್ಲಿ ಸುಮಾರು 2.68 ಕೋಟಿ, ಕರ್ನಾಟಕದಲ್ಲಿ ಸುಮಾರು 13.24 ಲಕ್ಷ ಅಂಗವಿಕಲರಿದ್ದರು. ಇವರಿಗೆ ನೆರವು ಒಂದೇ ಕಡೆಯಿಂದ ಬರುವುದಿಲ್ಲ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ, ರಾಜ್ಯದ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ, ಕಂದಾಯ ಇಲಾಖೆ, ಸಾರಿಗೆ ನಿಗಮಗಳು, ಗ್ರಾಮ ಪಂಚಾಯಿತಿಗಳು ಒಂದೊಂದು ಪಾಲನ್ನು ನೋಡಿಕೊಳ್ಳುತ್ತವೆ. ಯಾವುದನ್ನು ಎಲ್ಲಿ ಕೇಳಬೇಕು ಎಂಬುದೇ ಹಲವು ಕುಟುಂಬಗಳಿಗೆ ಮೊದಲು ಎದುರಾಗುವ ತೊಡಕು.

ಈ ನೆರವಿಗೆ ಕಾನೂನಿನ ಬಲ ಬಂದದ್ದು 1995ರ ಅಧಿನಿಯಮದಿಂದ. ಅದು ಅಂಧತ್ವ, ಶ್ರವಣದೋಷ, ಚಲನವೈಕಲ್ಯ ಮುಂತಾದ ಏಳು ಬಗೆಗಳನ್ನಷ್ಟೇ ಗುರುತಿಸಿತ್ತು. 2007ರಲ್ಲಿ ಭಾರತವು ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಅನುಮೋದಿಸಿತು. ಅದಕ್ಕೆ ಅನುಗುಣವಾಗಿ ರೂಪುಗೊಂಡ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016, ಮರುವರ್ಷ ಏಪ್ರಿಲ್ 19ರಂದು ಜಾರಿಗೆ ಬಂದಿತು. ಏಳು ಬಗೆಗಳು ಇಪ್ಪತ್ತೊಂದಾದವು. ಆಟಿಸಂ, ಕಲಿಕಾ ನ್ಯೂನತೆ, ಪಾರ್ಕಿನ್ಸನ್, ಆಸಿಡ್ ದಾಳಿಯ ಗಾಯ, ಥಲಸ್ಸೀಮಿಯಾ, ಹಿಮೋಫಿಲಿಯಾ ಪಟ್ಟಿಗೆ ಸೇರಿದವು. ಮೈಸೂರು, ಕೊಡಗು, ಚಾಮರಾಜನಗರದ ಬುಡಕಟ್ಟು ಹಾಡಿಗಳಲ್ಲಿ ಕಾಣುವ ಸಿಕಲ್ ಸೆಲ್ ರಕ್ತಹೀನತೆಯೂ ಸೇರಿತು. ಆದರೆ ರಕ್ತ ಸಂಬಂಧಿ ಕಾಯಿಲೆಗಳುಳ್ಳವರು ಸರ್ಕಾರಿ ಉದ್ಯೋಗದ ಶೇ.4ರ ಮೀಸಲಾತಿಗೆ ಬರುವುದಿಲ್ಲ. ಪಟ್ಟಿಗೆ ಸೇರಿಸಿಕೊಂಡ ಕಾನೂನೇ ಅವರನ್ನು ಇಲ್ಲಿ ಹೊರಗಿಟ್ಟಿರುವುದು ಅನ್ಯಾಯ.

ಬಹುಪಾಲು ನೆರವು ಒಂದು ಅಂಕಿಯ ಮೇಲೆ ನಿಂತಿದೆ. ವೈದ್ಯರು ಅಂಗವಿಕಲತೆಯನ್ನು ಶೇಕಡಾ ಲೆಕ್ಕದಲ್ಲಿ ಅಳೆಯುತ್ತಾರೆ. ಮೀಸಲಾತಿಗೂ ಹೆಚ್ಚಿನ ಯೋಜನೆಗಳಿಗೂ ಅದು ಕನಿಷ್ಠ ಶೇ.40 ಇರಬೇಕು. 2021ರ ಜೂನ್ 1ರಿಂದ ಪ್ರಮಾಣಪತ್ರವನ್ನು ಕೇಂದ್ರದ ‘ಸ್ವಾವಲಂಬನ್’ ಜಾಲತಾಣದ ಮೂಲಕವೇ ಕೊಡಲಾಗುತ್ತಿದ್ದು, ಜೊತೆಗೆ ಯುಡಿಐಡಿ ಎಂಬ ವಿಶಿಷ್ಟ ಗುರುತಿನ ಚೀಟಿ ಬರುತ್ತದೆ. ಶೇ.40ಕ್ಕಿಂತ ಕಡಿಮೆಯಿದ್ದರೆ ಬಿಳಿ, 40ರಿಂದ 80ರೊಳಗಿದ್ದರೆ ಹಳದಿ, 80 ಮತ್ತು ಮೇಲ್ಪಟ್ಟರೆ ನೀಲಿ ಪಟ್ಟಿಯ ಕಾರ್ಡು. ಎರಡು ಬಗೆಯ ಅಂಗವಿಕಲತೆ ಇರುವವರ ಮನೆಯವರು ಲೆಕ್ಕ ತಪ್ಪುವುದು ಸಾಮಾನ್ಯ. ಒಂದು ಶೇ.60, ಇನ್ನೊಂದು ಶೇ.30 ಇದ್ದರೆ ಒಟ್ಟು 90 ಆಗುವುದಿಲ್ಲ. ದೊಡ್ಡ ಅಂಕಿಯನ್ನು 90ರಿಂದ ಕಳೆದು, ಉಳಿದದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ ಬಂದದ್ದನ್ನು ದೊಡ್ಡ ಅಂಕಿಗೆ ಕೂಡಿಸುವುದು ನಿಯಮ. ಹಾಗಾಗಿ ಉತ್ತರ 70. ನೀಲಿ ಕಾರ್ಡು ನಿರೀಕ್ಷಿಸಿದವರ ಕೈಗೆ ಹಳದಿ ಬರುವುದು ಹೀಗೆ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ 1,25,000 ರೂ. ಕಡಿತದ ಬದಲು 75,000 ರೂ. ಕಡಿತವಷ್ಟೇ ಅವರಿಗೆ ಉಳಿಯುತ್ತದೆ.

ಶೇ.40 ಮುಟ್ಟದವರಿಗೆ ಕಾನೂನಿನಲ್ಲಿ ಏನೂ ಇಲ್ಲವೆಂದು ಹಲವರು ಕೈಚೆಲ್ಲುತ್ತಾರೆ. ಅದು ಸರಿಯಲ್ಲ. ರೈಟರ್ಸ್ ಕ್ರ್ಯಾಂಪ್‌ನಿಂದ ಬರೆಯಲಾಗದ ನಾಗರಿಕ ಸೇವಾ ಅಭ್ಯರ್ಥಿಯೊಬ್ಬರಿಗೆ ಪರೀಕ್ಷೆಯಲ್ಲಿ ಲಿಪಿಕಾರರನ್ನು ಒದಗಿಸಲೇಬೇಕೆಂದು ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ತೀರ್ಪಿತ್ತಿತು. ಸೂಕ್ತ ಅನುಕೂಲ ಕಲ್ಪಿಸುವ ಹೊಣೆಯನ್ನು ಶೇ.40ರ ಗೆರೆಗೆ ಕಟ್ಟಿಹಾಕುವಂತಿಲ್ಲ ಎಂಬುದು ಅದರ ಸಾರ.

ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಲು ಆಧಾರ್, ಭಾವಚಿತ್ರ, ವಿಳಾಸದ ದಾಖಲೆ, ಇದ್ದರೆ ಹಳೆಯ ವೈದ್ಯಕೀಯ ಕಾಗದಗಳು ಬೇಕು. ನಿಗದಿಯಾದ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ನಡೆಯುತ್ತದೆ. ಸ್ಥಿತಿ ಬದಲಾಗಬಹುದು ಎನ್ನಿಸಿದರೆ ವೈದ್ಯರು ಅವಧಿ ನಮೂದಿಸಿದ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ. ಆ ದಿನಾಂಕವನ್ನು ಗಮನಿಸದೆ ಬಿಟ್ಟರೆ ಸೌಲಭ್ಯ ನಡುವೆಯೇ ತಪ್ಪಬಹುದು. ಅಳತೆ ತಪ್ಪಾಗಿದೆ ಎನ್ನಿಸಿದವರಿಗೆ ಮೇಲ್ಮನವಿಯ ಹಕ್ಕಿದೆ. ಅದನ್ನು ಬಳಸಲು ಹಿಂಜರಿಯಬೇಕಿಲ್ಲ. ಒಮ್ಮೆ ಸಿಕ್ಕ ಪ್ರಮಾಣಪತ್ರ ದೇಶದೆಲ್ಲೆಡೆ ಸಲ್ಲುತ್ತದೆ.

ಮಾಸಾಶನದ ಅರ್ಜಿ ಹೋಗಬೇಕಾದದ್ದು ವಿಕಲಚೇತನರ ಇಲಾಖೆಗಲ್ಲ, ನಾಡಕಚೇರಿಗೆ. ಮಂಜೂರು ಮಾಡುವುದು ಕಂದಾಯ ಇಲಾಖೆ. ಕುಟುಂಬದ ಆದಾಯ ಮಿತಿಯೊಳಗಿದ್ದವರಿಗೆ ರಾಜ್ಯವು ಶೇ.40ರಿಂದ 75ರವರೆಗಿನ ಅಂಗವಿಕಲತೆಗೆ ತಿಂಗಳಿಗೆ 800 ರೂ., ಅದಕ್ಕಿಂತ ಹೆಚ್ಚಿದ್ದರೆ 1,400 ರೂ. ನಿಗದಿ ಮಾಡಿದೆ. 2009ರಲ್ಲಿ ಆರಂಭವಾದ ಇಂದಿರಾಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿಯಲ್ಲಿ ಕೇಂದ್ರದ ಪಾಲು ಇನ್ನೂ ಚಿಕ್ಕದು. ಶೇ.80ಕ್ಕೆ ಮೇಲ್ಪಟ್ಟ ಅಂಗವಿಕಲತೆಯುಳ್ಳ ಬಡವರಿಗೆ 2012ರಲ್ಲಿ 300 ರೂ. ಎಂದು ನಿಗದಿಯಾದ ಮೊತ್ತ ಹತ್ತು ವರ್ಷ ಕಳೆದರೂ ಅಲ್ಲೇ ಇತ್ತು. ಡೈಪರ್, ಔಷಧಿ, ಆಸ್ಪತ್ರೆಗೆ ಆಟೊ ಬಾಡಿಗೆ ಇವುಗಳಲ್ಲಿ ಯಾವುದಕ್ಕೂ ಇಷ್ಟು ಹಣ ಸಾಲದು.

ಗಾಲಿಕುರ್ಚಿ, ತ್ರಿಚಕ್ರ ವಾಹನ, ಶ್ರವಣ ಸಾಧನ, ಕೃತಕ ಕಾಲುಗಳು ಕೇಂದ್ರದ ಅಡಿಪ್ ಯೋಜನೆಯಲ್ಲಿ ಶಿಬಿರಗಳ ಮೂಲಕ ಬರುತ್ತವೆ. ಇವುಗಳ ದೊಡ್ಡ ತಯಾರಕ ಕಾನ್ಪುರದ ಸರ್ಕಾರಿ ಸಂಸ್ಥೆ ಅಲಿಮ್ಕೋ. ಶಿಬಿರದ ದಿನ ಕೈಗೆ ಸಿಕ್ಕ ಸಾಧನ ಮೈಗೆ ಹೊಂದಬೇಕು. ಬೆಳೆಯುವ ಮಗುವಿಗೆ ಮತ್ತೆ ಮತ್ತೆ ಅಳತೆ ಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕೇಂದ್ರಗಳ ಬೆಲೆ ಇಲ್ಲಿದೆ. 1965ರಲ್ಲಿ ಹುಟ್ಟಿದ ಈ ಸಂಸ್ಥೆಯಲ್ಲಿ ತಪಾಸಣೆ, ಸಾಧನ ಜೋಡಣೆ, ಮಾತಿನ ತರಬೇತಿ ಒಂದೇ ಆವರಣದಲ್ಲಿ ಸಿಗುತ್ತವೆ.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ, ಬಹುವಿಧ ಅಂಗವಿಕಲತೆ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ‘ನಿರಾಮಯ’ ವಿಮೆಯಿದೆ. ಅದಕ್ಕೆ ಮುಂಗಡ ವೈದ್ಯಕೀಯ ಪರೀಕ್ಷೆ ಬೇಕಿಲ್ಲ. ವರ್ಷಕ್ಕೆ ಒಂದು ಲಕ್ಷ ರೂ.ವರೆಗಿನ ಈ ವಿಮೆ ಥೆರಪಿಯ ಖರ್ಚನ್ನೂ ಒಳಗೊಂಡಿದೆ. ಮಕ್ಕಳು ಹದಿನೆಂಟು ದಾಟಿದ ಮೇಲೆ ಪಾಲಕರ ನೇಮಕವೂ ಇದೇ ಕಾಯ್ದೆಯಡಿ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಯ ಮೂಲಕ ಆಗುತ್ತದೆ. ತಾವು ಹೋದ ಮೇಲೆ ಮಗನ ಗತಿಯೇನು ಎಂದು ಕೊರಗುವ ತಂದೆತಾಯಿ ಈ ಸಮಿತಿಯ ಬಗ್ಗೆ ಬೇಗ ತಿಳಿದುಕೊಂಡಷ್ಟು ಒಳ್ಳೆಯದು.

ಹಳ್ಳಿಗಳಲ್ಲಿ ಇವೆಲ್ಲವನ್ನೂ ಮನೆಬಾಗಿಲಿಗೆ ತಲುಪಿಸುವವರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಜನರ ಬಾಯಲ್ಲಿ ಅವರು ‘ವಿಆರ್‌ಡಬ್ಲ್ಯೂ’. ಪಂಚಾಯಿತಿಗೊಬ್ಬರಂತೆ ದುಡಿಯುವ ಇವರೂ ಅಂಗವಿಕಲರೇ. ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಸಮೀಕ್ಷೆ ಮಾಡಿ, ಅರ್ಜಿ ತುಂಬಿಸಿ, ಆಸ್ಪತ್ರೆಗೆ ಕರೆದೊಯ್ಯುವ ಇವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ವ್ಯವಸ್ಥೆಯ ಅತಿ ಗಟ್ಟಿ ಕೊಂಡಿಗೆ ಅತಿ ಕಡಿಮೆ ಹಣ ಸಲ್ಲುತ್ತಿರುವುದು ಇಲ್ಲಿಯ ದೊಡ್ಡ ಲೋಪ. ಪಂಚಾಯಿತಿಗಳು ತಮ್ಮ ಸ್ವಂತ ಸಂಪನ್ಮೂಲದ ಶೇ.5ರಷ್ಟನ್ನು ಅಂಗವಿಕಲರಿಗಾಗಿ ವೆಚ್ಚ ಮಾಡಬೇಕು. ಆ ಹಣ ಯಾವುದಕ್ಕೆ ಹೋಯಿತೆಂದು ಗ್ರಾಮಸಭೆಯಲ್ಲಿ ಯಾರು ಬೇಕಾದರೂ ಕೇಳಬಹುದು.

ಅರ್ಜಿಗೆ ಉತ್ತರವೇ ಬಾರದಿದ್ದರೆ, ಹಕ್ಕು ತಪ್ಪಿದರೆ, ದೂರು ಕೊಡಬೇಕಾದದ್ದು ಬೆಂಗಳೂರಿನಲ್ಲಿರುವ, ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಆಯುಕ್ತರ ಶಿಫಾರಸನ್ನು ಒಪ್ಪದ ಇಲಾಖೆಯು ಮೂರು ತಿಂಗಳೊಳಗೆ ಕಾರಣವನ್ನು ಆಯುಕ್ತರಿಗೂ ದೂರುದಾರರಿಗೂ ತಿಳಿಸಬೇಕು.